ಎರಡು ಪೆಟ್ಟು, ಒಂದು ಎಳೆತ

ಮೂರು ಬೀದಿಯಾಚೆ ಇರುವೆಯೊಂದು ಆಕಳಿಸಿದರೆ ಪಾತಾಳಕಿವಿಗೆ ನಿದ್ದೆ ಕೆಡುತ್ತಿತ್ತು. ಬರೀ ಕೆಡುತ್ತಿತ್ತು ಅಂದರೆ ಕಡಿಮೆ ಹೇಳಿದಂತಾಯಿತು. ಆಕಳಿಕೆಯ ಉದ್ದ ಕೇಳಿಯೇ ಆ ಇರುವೆ ಹೊಟ್ಟೆಗೆ ತಿಂದಿದೆಯೋ ಇಲ್ಲವೋ, ಹಿಂದಿನ ದಿನ ಯಾರ ಮನೆಯ ಸಕ್ಕರೆ ಡಬ್ಬಿಯಲ್ಲಿ ಸಿಕ್ಕಿಬಿದ್ದು ತಪ್ಪಿಸಿಕೊಂಡು ಬಂದಿದೆ ಎಂಬುದನ್ನು ಅವನು ಮಲಗಿದಲ್ಲಿಂದಲೇ ಹೇಳಬಲ್ಲವನಾಗಿದ್ದ. ಒಮ್ಮೆ ಸೇತುವೆಯ ಕೆಳಗೆ ಮೀನೊಂದು ಇನ್ನೊಂದು ಮೀನಿಗೆ ಹೇಳಿದ ಗುಟ್ಟು ಕಿವಿಗೆ ಬಿದ್ದು, ನಾಚಿಕೆಯಾಗಿ ಎರಡು ದಿನ ಆ ದಾರಿಯನ್ನೇ ಬಿಟ್ಟಿದ್ದನಂತೆ. ಯಾರು ನೋಡಿದ್ದರು ಎಂದು ಕೇಳಬಾರದು. ಅವನೇ ಹೇಳಿದ್ದು. ಅವನಿಗಿಂತ ದೊಡ್ಡ ಸಾಕ್ಷಿ ಬೇಕೆ?

ಹೊಟ್ಟೆಪಾಡೂ ಕಿವಿಯದೇ. ನಗರದ ನೀರಿನ ಇಲಾಖೆಯಲ್ಲಿ ನೆಲದಡಿಯ ಸೋರಿಕೆ ಹುಡುಕುವವನು. ಎದೆಮಟ್ಟದ ಒಂದು ಉಕ್ಕಿನ ಸರಳು, ಅದರ ತಲೆಗೆ ಮರದ ಪುಟ್ಟ ಬಟ್ಟಲು. ಸರಳಿನ ಬುಡವನ್ನು ರಸ್ತೆಗೋ ನಲ್ಲಿಗೋ ಊರಿ, ಬಟ್ಟಲನ್ನು ಕಿವಿಗೆ ಒತ್ತಿಕೊಂಡು ನಿಂತರೆ ನೆಲದೊಳಗಿನ ನೀರು ತನ್ನ ಸಂಕಟವನ್ನೆಲ್ಲ ತೋಡಿಕೊಳ್ಳುತ್ತದೆ. ಎಲ್ಲೋ ಹುಗಿದು ಮರೆತ ಹಳೆಯ ಪೈಪಿನ ಜಾಡು ಹಿಡಿಯಬೇಕಾದರೆ ಒಬ್ಬನಿಂದ ಆಗದು, ಇಬ್ಬರು ಬೇಕು. ಒಬ್ಬ ಪೈಪಿನ ಒಂದು ತುದಿಯಲ್ಲಿ ಕುಕ್ಕರುಗಾಲಲ್ಲಿ ಕೂತು ಸುತ್ತಿಗೆಯಿಂದ ತಟ್ಟುತ್ತಾನೆ. ಇನ್ನೊಬ್ಬ ಸರಳು ಊರಿಕೊಂಡು ಆ ಸದ್ದಿನ ಬೆನ್ನು ಹತ್ತಿ ರಸ್ತೆಯ ಮೇಲೆ ನಡೆಯುತ್ತಾನೆ. ಕೇಳುವವನು ಪಾತಾಳಕಿವಿ. ತಟ್ಟುವವನು ಅವನ ಅಕ್ಕನ ಗಂಡ, ಭಾವ. ಒಂದೇ ಪೈಪಿನ ಆ ತುದಿಯಲ್ಲಿ ಒಬ್ಬ, ಈ ತುದಿಯಲ್ಲಿ ಒಬ್ಬ, ಹೀಗೇ ಇಬ್ಬರೂ ತಲೆ ನರೆಸಿಕೊಂಡರು.

ಇವರಿಬ್ಬರಿಗೂ ಕೆಲಸ ಕಲಿಸಿದ ಹಳೆ ಮೇಸ್ತ್ರಿ ಒಂದು ವಿಚಿತ್ರ ಕಟ್ಟಳೆ ಇಟ್ಟಿದ್ದ. ಸರಳಿಗೆ ಕಿವಿ ಕೊಟ್ಟವನು ಮೊದಲು ತಾನು ಕೇಳಿದ ಸದ್ದನ್ನು ಬಾಯಲ್ಲಿ ಮಾಡಿ ತೋರಿಸಬೇಕು. ಅಲ್ಲಿಯವರೆಗೆ ಅದು ಬಿರುಕೋ, ತೂತೋ, ವಾಲ್ವ್ ಕೆಟ್ಟದ್ದೋ ಎಂದು ಯಾರೂ ತುಟಿ ಬಿಚ್ಚುವಂತಿಲ್ಲ. ಬಿಚ್ಚಿದವನು ಇಡೀ ತಂಡಕ್ಕೆ ಚಹಾ ಕೊಡಿಸಬೇಕು. ಹೀಗಾಗಿ ಮೀಸೆ ಹೊತ್ತ ಗಂಡಸರು ನಡುರಸ್ತೆಯಲ್ಲಿ ಬಗ್ಗಿಕೊಂಡು, ಒಬ್ಬ ‘ಸುಸ್ಸ್’ ಅಂದರೆ ಇನ್ನೊಬ್ಬ ‘ಅಲ್ಲ, ಚಿಸ್ಸ್’ ಅನ್ನುತ್ತ, ಮೂರನೆಯವನು ಗಂಟಲಲ್ಲಿ ಗುಳುಗುಳು ಮಾಡುತ್ತ ಇರುವುದನ್ನು ಕಂಡು ದಾರಿಹೋಕರು ಮಕ್ಕಳ ಕೈ ಗಟ್ಟಿಯಾಗಿ ಹಿಡಿದುಕೊಂಡು ದಾಟುತ್ತಿದ್ದರು.

“ಯಾಕೆ ಅನ್ನೋದು ಬಾಯಿಗೆ ಬಂತೋ, ಕಿವಿ ಬಾಗಿಲು ಹಾಕ್ಕೊಳ್ಳತ್ತೆ,” ಎನ್ನುತ್ತಿದ್ದ ಮೇಸ್ತ್ರಿ. “ಆಮೇಲೆ ನಿಮಗೆ ಕೇಳ್ಸೋದು ಪೈಪಲ್ಲ, ನಿಮ್ಮ ಬುದ್ಧಿ.”

ಮೇಸ್ತ್ರಿ ಹೋದ. ಪಾತಾಳಕಿವಿ ತಂಡದ ಮುಖ್ಯಸ್ಥನಾದ. ಬಾಯಲ್ಲಿ ಸದ್ದು ಮಾಡುವ ಮಂಗಾಟ ತನ್ನ ಘನತೆಗೆ ತಕ್ಕುದಲ್ಲ ಎಂದು ನಿಧಾನವಾಗಿ ಬಿಟ್ಟ. ಈಗ ಅವನು ಸ್ಥಳಕ್ಕೆ ಬಂದರೆ ಮೊದಲು ನಕ್ಷೆ ಬಿಡಿಸುತ್ತಾನೆ. ಪೈಪಿಗೆ ಎಷ್ಟು ವಯಸ್ಸು, ಇಳಿಜಾರು ಯಾವ ಕಡೆ, ಮರದ ಬೇರು ಎಲ್ಲಿಗೆ ಹಬ್ಬಿದೆ, ಭಾರದ ಲಾರಿಗಳು ಎಲ್ಲಿ ತಿರುಗುತ್ತವೆ, ಎಲ್ಲವನ್ನೂ ಲೆಕ್ಕ ಹಾಕುತ್ತಾನೆ. ಆಮೇಲೆ ಸರಳು ಊರಿ, ಬಟ್ಟಲಿನ ಅಂಚನ್ನು ಹಲ್ಲಿಗೆ ತಾಗಿಸಿಕೊಂಡು, ಕಣ್ಣು ಮುಚ್ಚಿ, ತಪಸ್ಸಿಗೆ ಕೂತವನ ಮುಖ ಮಾಡಿ, “ಇಲ್ಲಿ ಅಗೀರಿ,” ಎನ್ನುತ್ತಾನೆ. ಅಗೆದರೆ ಹತ್ತರಲ್ಲಿ ಒಂಬತ್ತು ಸಲ ನೀರು ಚಿಮ್ಮುತ್ತಿತ್ತು. ಇದು ಮಾತ್ರ ಸುಳ್ಳಲ್ಲ, ಇಲಾಖೆಯಲ್ಲಿ ಯಾರನ್ನು ಬೇಕಾದರೂ ಕೇಳಬಹುದು. ಹತ್ತನೆಯ ಸಲ ಅವನು ಭೂಮಿಯನ್ನು ಬೈಯುತ್ತಿದ್ದ.

ಭಾವ ತೀರಿಕೊಂಡ ಮೇಲೆ ಅಕ್ಕ ಒಬ್ಬಳೇ. ಹಳೆಯ ಕಟ್ಟಡವೊಂದರ ಮೂರನೆಯ ಮಹಡಿಯಲ್ಲಿ, ದರ್ಜಿ ಅಂಗಡಿಯವರು ಕಳಿಸುವ ಅಂಗಿಗಳಿಗೆ ಕೈಯಲ್ಲೇ ಕಾಜಾ ಹೊಲಿಯುತ್ತ ಇರುತ್ತಾಳೆ. ಒಂದು ಬೆಳಿಗ್ಗೆ ಅವಳಿಂದ ಮೊಬೈಲಿಗೆ ನಾಲ್ಕು ಸಾಲು ಬಂತು: ಅಡುಗೆಮನೆ ಗೋಡೆ ತಟ್ಟುತ್ತಿದೆ. ನಾಳೆ ಪೈಪ್ ಕೀಳೋಕೆ ಬರ್ತಾರೆ. ಇವತ್ತೇ ಬಾ. ಸರಳು ತಾ.

ಬರೆದೇ ಕಳಿಸಬೇಕು, ಯಾಕೆಂದರೆ ಪಾತಾಳಕಿವಿ ಇತ್ತೀಚೆಗೆ ಫೋನಿನಲ್ಲಿ ಮಾತಾಡುತ್ತಿರಲಿಲ್ಲ. “ನೆಲದಡಿಯ ನೀರು ಕೇಳೋ ಕಿವಿಗೆ ಈ ತಗಡಿನ ಡಬ್ಬಿ ಹಿಡಿಯೋದಾ? ರೇಷ್ಮೆ ಸೀರೇಲಿ ನೆಲ ಒರೆಸಿದ ಹಾಗಾಗತ್ತೆ,” ಎಂದುಬಿಟ್ಟಿದ್ದ.

ಅವನು ಸರಳು ಹೆಗಲಿಗೇರಿಸಿಕೊಂಡು ಹೋದಾಗ ಅಕ್ಕನ ಬಾಗಿಲು ಅರ್ಧ ತೆರೆದೇ ಇತ್ತು. ಆದರೂ ಗಂಟೆ ಒತ್ತಿದ. ಮತ್ತೆ ಒತ್ತಿದ. ಅಕ್ಕ ಸೂಜಿ ಹಿಡಿದುಕೊಂಡೇ ಎದ್ದು ಬಂದಳು.

“ಒಳಗೆ ಬಾ, ಒಳಗೆ ಬಾ ಅಂತ ಅಷ್ಟು ಹೊತ್ತಿಂದ ಕೂಗ್ತಿದ್ದೀನಿ. ಹೊಸ ಅಳಿಯನ ಥರ ಹೊಸ್ತಿಲ ಮೇಲೆ ನಿಂತಿದ್ದೀಯಲ್ಲೋ!”

“ನಿನ್ನ ಬಾಗಿಲಿನ ಕೀಲು ಅಳ್ತಾ ಇತ್ತು ಅಕ್ಕ. ಸಮಾಧಾನ ಮಾಡ್ತಾ ನಿಂತಿದ್ದೆ.”

“ಮೊನ್ನೆ ತಾನೇ ಎಣ್ಣೆ ಬಿಟ್ಟಿದ್ದೀನಿ ಅದಕ್ಕೆ.”

“ಅದಕ್ಕೇ ಅಳ್ತಾ ಇರೋದು. ಸಂತೋಷಕ್ಕೆ.”

ಅಕ್ಕ ನಗಲಿಲ್ಲ. ಹಾಗೆ ನೋಡಿದರೆ ಅವಳು ತಮ್ಮನ ಮಾತಿಗೆ ನಕ್ಕದ್ದೇ ಅಪರೂಪ, ಆದರೆ ಇಂದು ಬೈಯಲೂ ಇಲ್ಲ. ಅವನಿಗೆ ಅದು ಸರಿಬರಲಿಲ್ಲ.

ಅಡುಗೆಮನೆ ಕಿರಿದು. ಕಿಟಕಿಯ ಕೆಳಗೆ ಪಾತ್ರೆ ತೊಳೆಯುವ ತೊಟ್ಟಿ. ಅದರ ಪಕ್ಕದಲ್ಲಿ ನೆಲದಿಂದ ಎದ್ದು, ಮೊಣಕೈ ಎತ್ತರದವರೆಗೆ ಕಾಣಿಸಿಕೊಂಡು, ಮತ್ತೆ ಗಾರೆಯೊಳಗೆ ಮುಳುಗಿ ಮೇಲಕ್ಕೆ ಹೋಗುವ ಕಬ್ಬಿಣದ ಪೈಪು. ಎಷ್ಟು ಸಲ ಬಣ್ಣ ಬಳಿದಿದ್ದರೋ, ಮೈಯೆಲ್ಲ ಹಾವಿನ ಪೊರೆಯ ಹಾಗೆ ಸುಲಿದು ನಿಂತಿತ್ತು. ತೊಟ್ಟಿಯ ಮೇಲೆ ಒಂದು ಮೊಳೆ. ಮೊಳೆಯಲ್ಲಿ ಭಾವನ ಸುತ್ತಿಗೆ. ಹಗುರವಾದದ್ದು, ಹಿಡಿಕೆಗೆ ಕೆಂಪು ಬಟ್ಟೆ ಸುತ್ತಿದ್ದು. ಅದನ್ನು ತಂದುಕೊಟ್ಟವನು ಪಾತಾಳಕಿವಿಯೇ. ಕೊನೆಕೊನೆಗೆ ಭಾವನ ಪೆಟ್ಟು ಬದಲಾಗಿತ್ತು. ಪೆಟ್ಟಿನ ಕೊನೆಗೆ ಸುತ್ತಿಗೆಯನ್ನು ಪೈಪಿನ ಮೇಲೆ ಗರಗರ ಎಳೆಯುತ್ತಿದ್ದ. ‘ತೋಳು ಸೋತಿದೆ, ಎತ್ತೋಕೆ ಆಗ್ದೆ ಎಳೀತಾನೆ’ ಎಂದು ಪಾತಾಳಕಿವಿ ಆಗಲೇ ಕಾರಣ ಕಂಡುಹಿಡಿದು, ತಂಡದವರೆದುರು ನಕ್ಕು, ಈ ಹಗುರ ಸುತ್ತಿಗೆ ಕೊಡಿಸಿದ್ದ. ಭಾವ ಎರಡೂ ಕೈಯಲ್ಲಿ ತೆಗೆದುಕೊಂಡು, “ಅಯ್ಯೋ, ಇದು ಮಗು ಗಿಲಕಿ ಇದ್ದಂಗಿದೆಯಲ್ಲೋ,” ಎಂದು ತಾನೂ ನಕ್ಕಿದ್ದ.

ಅಕ್ಕ ಅವನ ಎದುರಿಗೆ, ಮುಖ ಬೆಳಕಿಗೆ ಬರುವಂತೆ ನಿಂತಳು.

“ನೋಡು. ಮಧ್ಯಾಹ್ನ ನೀರು ನಿಂತ ಮೇಲೆ ಶುರುವಾಗತ್ತೆ. ದಿನಾ ಇಲ್ಲ, ಆದ್ರೆ ಬಂದಾಗ ಇದೇ ಗೋಡೇಲಿ. ಹೇಗಿರತ್ತೆ ಅಂತ ನಾನು ಹೇಳಲ್ಲ. ನೀನೇ ಕೇಳಿ ಹೇಳು.”

“ಕೇಳೋದೇನು, ಇಲ್ಲಿಂದಲೇ...”

“ಬಾಯ್ಮುಚ್ಚು. ಕೇಳು. ಹೊಸ ಪೈಪ್ ಹಾಕೋ ಪ್ಲಂಬರ್ ಬಂದಿದ್ದ. ನಿಮ್ಮ ತಮ್ಮ ಬಿಡು ಅಂದ್ರೆ ಈ ಹಳೇದನ್ನ ಗೋಡೆಯೊಳಗೇ ಬಿಟ್ಟು ಹೊಸದನ್ನ ಹೊರಗಿಂದ ಎಳೀತೀನಿ, ಕೀಳು ಅಂದ್ರೆ ಗೋಡೆ ಒಡೆದು ಕೀಳ್ತೀನಿ, ಅವರ ಮಾತೇ ಮಾತು ಅಂದ.” ಅವಳು ಸೂಜಿಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟಳು. “ನಿಮ್ಮ ಭಾವ ಪೈಪ್ ತಟ್ಟೋದನ್ನ, ಅವರನ್ನ ಕಟ್ಟಿಕೊಂಡ ನಾನೇ ಒಂದಿನವೂ ಕೇಳಿದವಳಲ್ಲ. ಲೋಕದಲ್ಲಿ ಅದನ್ನ ಕೇಳಿದವನು ನೀನೊಬ್ಬನೇ. ಇದು ಅವರ ಪೆಟ್ಟಾ, ಅಲ್ವಾ, ಅಷ್ಟು ಹೇಳು. ಅವರದಾದ್ರೆ ಪೈಪ್ ಇರ್ಲಿ. ಅಲ್ಲ ಅಂದ್ರೆ ಕಿತ್ಕೊಂಡು ಹೋಗ್ಲಿ, ನಾನೂ ಒಂದಿಷ್ಟು ನಿದ್ದೆ ಮಾಡ್ತೀನಿ. ಯಾಕೆ ಬರತ್ತೆ ಅಂತ ಕೇಳ್ತಾ ಇಲ್ಲ. ಏನು ಬರತ್ತೆ ಅಂತ ಕೇಳ್ತಿದ್ದೀನಿ.”

ಆ ಕಿರಿದಾದ ಅಡುಗೆಮನೆ ಇದ್ದಕ್ಕಿದ್ದಂತೆ ಬಾವಿಯಷ್ಟು ಆಳವಾದಂತಾಯಿತು. ಪಾತಾಳಕಿವಿಗೆ ಭಯವೇನೋ ಆಯಿತು, ಆದರೆ ದೆವ್ವದ ಭಯವಲ್ಲ. ಮತ್ತೆ ಯಾತರದ್ದು? ಕಾರಣ ಈಗಲೇ ಹೇಳಿದರೆ ಎಲ್ಲರಿಗೂ ಚಹಾ ಕೊಡಿಸಬೇಕಾಗುತ್ತದೆ. ಮೊದಲು ನಡೆದದ್ದು ಕೇಳಿ.

ಅವನು ಕುರ್ಚಿ ಎಳೆದುಕೊಂಡು ಗೋಡೆಯ ಮುಂದೆ ಕೂತ. ಸರಳಿನ ಬುಡವನ್ನು ಗಾರೆಗೆ ಕೊಟ್ಟ, ಬಟ್ಟಲನ್ನು ಕಿವಿಗೆ ಒತ್ತಿದ. ಅಕ್ಕ ಅವನ ಬೆನ್ನ ಹಿಂದೆ, ಬರಿಗೈಯನ್ನು ಗೋಡೆಯ ಮೇಲಿಟ್ಟು ನಿಂತಳು. ನಲ್ಲಿಯ ಮೂತಿಯಲ್ಲಿ ಹನಿ ದಪ್ಪವಾಗುತ್ತ, ಬೀಳುತ್ತ, ದಪ್ಪವಾಗುತ್ತ ಇತ್ತು. ಕೊನೆಗೊಂದು ಹನಿ ದಪ್ಪವಾಗಿ ಬೀಳದೆ ಅಲ್ಲೇ ನಿಂತಿತು.

“ಹಾಂ, ನೀರು ನಿಂತಿತು,” ಎಂದ ಪಾತಾಳಕಿವಿ. “ಈಗ ನೋಡು. ಬಿಸಿಲು ಹೊರಗೋಡೆಗೆ ಬಿದ್ದಿದೆ. ಒಳಗೆ ನೀರಿನ ತಂಪು ಇಷ್ಟು ಹೊತ್ತು ಪೈಪನ್ನ ಹಿಡಿದಿಟ್ಟಿತ್ತು. ಈಗ ನೀರಿಲ್ಲ. ಕಬ್ಬಿಣ ಮೈ ಮುರಿಯತ್ತೆ. ಮೈ ಮುರಿದಾಗ ಗಾರೆಗೆ ತಾಕತ್ತೆ. ಕೇಳಿಸ್ತಿದೆ ಕೇಳಿಸ್ತಿದೆ... ಆಹಾ, ಎಷ್ಟು ಸ್ಪಷ್ಟ! ಅಲ್ಲದೆ ಈ ಕಟ್ಟಡದ ಮೇಲಿನ ಟ್ಯಾಂಕಿನ ವಾಲ್ವ್ ಹಳೇದು, ಮುಚ್ಚಿದಾಗ ಗಾಳಿ ಗುಳ್ಳೆ ಇಳಿದು ಮೊಣಕೈ ತಿರುವಲ್ಲಿ ಸಿಕ್ಕಿಹಾಕ್ಕೊಳ್ಳತ್ತೆ. ಅದು ಒದ್ದಾಡತ್ತೆ. ಇಷ್ಟಕ್ಕೂ ಪೈಪ್ ಹಿಡಿದಿರೋ ಪಟ್ಟಿ ಎರಡನೇ ಮಹಡೀಲಿ ಸಡಿಲವಾಗಿರ್ಬೇಕು, ಇಲ್ದಿದ್ರೆ ಇಷ್ಟು ಗಟ್ಟಿಯಾಗಿ ಬರ್ತಿರ್ಲಿಲ್ಲ. ಅಥವಾ ಕೆಳಗಿನವರ ಬಟ್ಟೆ ಒಗೆಯೋ ಮಶೀನು. ಮಶೀನಿಗೆ ನಾಲ್ಕು ಕಾಲು, ಒಂದು ಕಾಲು ಗಿಡ್ಡ...”

ಹೀಗೆ ಒಂದರ ಮೇಲೊಂದು. ಪ್ರತಿ ಕಾರಣವೂ ಹದವಾಗಿ ಬೆಂದದ್ದು, ಅಂಚು ತಿದ್ದಿದ್ದು, ಪರೀಕ್ಷೆಯಲ್ಲಿ ಬರೆದರೆ ನೂರಕ್ಕೆ ನೂರು ಬರುವಂಥದ್ದು. ಅವನು ಮಾತಾಡುತ್ತಲೇ ಇದ್ದ. ಮಾತಾಡುವವನ ದವಡೆಗೆ ತನ್ನ ಮಾತಿನ ನಡುಕ ಬಿಟ್ಟು ಬೇರೇನೂ ತಾಕುವುದಿಲ್ಲ. ಬಟ್ಟಲು ಕಿವಿಯಲ್ಲಿತ್ತು, ಕಣ್ಣು ಮುಚ್ಚಿತ್ತು, ತಪಸ್ಸಿನ ಮುಖ ಎಂದಿಗಿಂತ ಗಂಭೀರವಾಗಿತ್ತು.

ಹೆಗಲ ಮೇಲೆ ಕೈ ಬಿತ್ತು. ಕಣ್ಣು ತೆರೆದ. ಅಕ್ಕ ಮುಂದೆ ಬಂದು ನಿಂತಿದ್ದಳು. ಮುಖ ಬಿಳಿಚಿಕೊಂಡಿತ್ತು.

“ಎಷ್ಟೊಂದು ಕಾರಣ ಕೊಟ್ಯಲ್ಲೋ,” ಎಂದಳು. “ಕಾರಣ ಗೊತ್ತಿರೋನಿಗೆ ಒಂದು ಸಾಕಾಗಿತ್ತು.”

“ಎಲ್ಲಾ ಕಡೆಯಿಂದ ನೋಡ್ಬೇಕಲ್ಲ ಅಕ್ಕ. ಅದಕ್ಕೇ ವಿಶ್ಲೇಷಣೆ ಅನ್ನೋದು.”

“ಆಯ್ತು. ಈಗ ನಿಮ್ಮ ಮೇಸ್ತ್ರಿ ಕಟ್ಟಳೆ ಪ್ರಕಾರ ಮಾಡು. ಬಾಯಲ್ಲಿ ಮಾಡಿ ತೋರ್ಸು.”

“ಏನನ್ನ?”

“ಸದ್ದನ್ನ. ಕೇಳಿಸ್ತು ಅಂದ್ಯಲ್ಲ, ಆಹಾ ಎಷ್ಟು ಸ್ಪಷ್ಟ ಅಂದ್ಯಲ್ಲ. ಮಾಡು.”

ಪಾತಾಳಕಿವಿ ಕಿಟಕಿ ನೋಡಿದ. ಸರಳು ನೋಡಿದ. ತಲೆಯೊಳಗೆ ನಕ್ಷೆ ಬಿಡಿಸಿಕೊಂಡಿತು: ಇಂಥ ಪೈಪು, ಇಷ್ಟು ವಯಸ್ಸು, ಈ ಹೊತ್ತಿನ ಬಿಸಿಲು. ಇಂಥದ್ದು ಹೇಗೆ ಸದ್ದು ಮಾಡಬೇಕೋ ಹಾಗೆ, ತುಟಿ ಚೂಪು ಮಾಡಿ, ನಾಲಿಗೆಯಿಂದ ಅಂಗುಳು ತಟ್ಟಿದ. ‘ಟಿಕ್... ಟಿಕ್... ಟಿಕ್ಟಿಕ್... ಟಿಕ್.’ ಚೆನ್ನಾಗಿಯೇ ಮಾಡಿದ. ಕಬ್ಬಿಣವೇ ಕೇಳಿದ್ದರೂ ತನ್ನ ಬಂಧು ಯಾರೋ ಬಂದ ಎಂದುಕೊಳ್ಳುತ್ತಿತ್ತು.

ಅಕ್ಕ ಬಹಳ ಹೊತ್ತು ಅವನ ಬಾಯನ್ನೇ ನೋಡಿದಳು.

“ಇದು ಪೈಪ್ ಮಾಡ್ಬೇಕಾದ ಸದ್ದು,” ಎಂದಳು. “ಈ ಪೈಪ್ ಮಾಡಿದ್ದಲ್ಲ.”

“ಅಕ್ಕ...”

“ನೀನು ಬಿಸಿಲು ಅಂದಾಗ ಒಂದ್ಸಲ ಬಂತು. ಮಶೀನಿನ ಗಿಡ್ಡ ಕಾಲು ಅಂದಾಗ ಇನ್ನೊಂದ್ಸಲ. ಗೋಡೆ ನನ್ನ ಕೈಯಲ್ಲಿ ನಡುಗ್ತು ಕಣೋ. ಲೋಟ ಅಲ್ಲಾಡ್ತು. ನೀನು ಮಾತು ನಿಲ್ಲಿಸ್ಲಿಲ್ಲ, ರೆಪ್ಪೆ ಕೂಡ ಅಲುಗಿಸ್ಲಿಲ್ಲ. ಆಮೇಲೆ ನಿನ್ನ ಬೆನ್ನ ಹಿಂದೆ ನಿಂತು ಮೂರು ಸಲ ಕರೆದೆ. ಅಮ್ಮ ಕರೀತಿದ್ದ ಹೆಸರಲ್ಲಿ ಕರೆದೆ.”

ಪಾತಾಳಕಿವಿ ನಗಲು ನೋಡಿದ. ಇಂಥ ಸಂದರ್ಭಕ್ಕೆಂದು ಅವನ ಬಳಿ ಸಾವಿರ ಮಾತುಗಳಿದ್ದವು. ಧ್ಯಾನದಲ್ಲಿದ್ದೆ ಅನ್ನಬಹುದಿತ್ತು, ಅಮ್ಮನ ದನಿಯೇ ಬಂತೇನೋ ಎಂದು ಹೆದರಿ ತಿರುಗಲಿಲ್ಲ ಅನ್ನಬಹುದಿತ್ತು. ಬಟ್ಟಲನ್ನು ಕಿವಿಯಿಂದ ಇಳಿಸಿ ತೊಡೆಯ ಮೇಲಿಟ್ಟುಕೊಂಡ.

“ಕೇಳಲ್ಲ ಅಕ್ಕ,” ಎಂದ.

“ಯಾವತ್ತಿಂದ?”

“ಗೊತ್ತಿಲ್ಲ. ಒಂದೇ ದಿನ ಹೋಗಿದ್ರೆ ಗೊತ್ತಾಗ್ತಿತ್ತು. ಮೊದಲು ಹಕ್ಕಿ ಹೋಯ್ತು. ಆಮೇಲೆ ಗಡಿಯಾರ. ಆಮೇಲೆ ನೀರು. ಎದುರಿಗೆ ನಿಂತು ಮಾತಾಡಿದ್ರೆ ತುಟಿ ನೋಡ್ತೀನಿ, ಉಳಿದದ್ದು ಊಹೆ. ಎಲ್ಲಿ ಸೋರತ್ತೆ ಅನ್ನೋದು ಲೆಕ್ಕ ಹಾಕಿದ್ರೆ ತಿಳಿಯತ್ತೆ, ಅದಕ್ಕೆ ಕಿವಿ ಬೇಕಾಗಿಲ್ಲ. ಆದ್ರೆ ಭಾವನ ಪೆಟ್ಟು ಮಾತ್ರ ಕೊನೇ ತನಕ ಕೇಳಿಸ್ತಿತ್ತು ಅಕ್ಕ, ನಿನ್ನಾಣೆ. ಅದಕ್ಕೇ ನಾನು ಕಿವಿ ಸರಿಯಾಗೇ ಇದೆ ಅಂದ್ಕೊಂಡೆ. ಅವನು ಹೋದ ದಿನದಿಂದ ಏನೂ ಇಲ್ಲ. ರಸ್ತೆಗೆ ಸರಳು ಊರಿದ್ರೆ ಹತ್ತಿ ಮೂಟೆಗೆ ಊರಿದ ಹಾಗೆ. ನಿನಗೆ ಗೋಡೇಲಿ ಸದ್ದು. ನನಗೆ ಊರಿಗೆ ಊರೇ ಸತ್ತು ಬಿದ್ದಿದೆ.”

ಅಕ್ಕ ತೊಟ್ಟಿಯ ಅಂಚಿಗೆ ಒರಗಿದಳು. ಅವಳ ತುಟಿ ನಿಧಾನವಾಗಿ ಅಲುಗಿತು, ಅವನಿಗೆ ಒಂದಕ್ಷರವೂ ತಪ್ಪದ ಹಾಗೆ.

“ಅದು ನಿನ್ನ ಕಿವಿಗೆ ಕೇಳಿಸ್ತಿರ್ಲಿಲ್ಲ. ಹಲ್ಲಿಗೆ ಕೇಳಿಸ್ತಿತ್ತು.”

“ಏನು?”

“ನಿನ್ನ ಕಿವಿ ಹೋಗಿದೆ ಅಂತ ಅವರಿಗೆ ಗೊತ್ತಿತ್ತು. ಒಂದಿನ ಬಂದು ಕೂತ್ಕೊಂಡು ಹೇಳಿದ್ರು, ನಿನ್ನ ತಮ್ಮ ಬಟ್ಟಲು ಕಚ್ಚೋಕೆ ಶುರು ಮಾಡಿದ್ದಾನೆ ಕಣೇ, ಕಿವಿ ಹೋಗಿರ್ಬೇಕು, ಅವನಿಗೇ ಗೊತ್ತಿಲ್ಲ ಪಾಪ. ಬರೀ ತಟ್ಟಿದ್ರೆ ಅವನಿಗೆ ಮುಟ್ಟಲ್ಲ. ಎರಡು ಸಲ ತಟ್ಟಿ, ಬಿಟ್ಟು, ಆಮೇಲೆ ಸುತ್ತಿಗೇನ ಪೈಪ್ ಮೇಲೆ ಎಳೆದ್ರೆ ಹಲ್ಲಿಗೆ ಹತ್ತತ್ತೆ, ಮುಖದಲ್ಲಿ ಗೊತ್ತಾಗತ್ತೆ ಅಂದ್ರು. ಹೇಗೆ ಗೊತ್ತಾಯ್ತು ಅಂತ ಕೇಳಿದೆ. ಸುಮ್ನೆ ನೋಡ್ತಿದ್ದೆ ಅಂದ್ರು. ನಾನು ಪೂರ್ತಿ ನಂಬಿರ್ಲಿಲ್ಲ, ಇವತ್ತಿನ ತನಕ.”

ಪಾತಾಳಕಿವಿ ಮೊಳೆಯಲ್ಲಿ ತೂಗುತ್ತಿದ್ದ ಸುತ್ತಿಗೆಯ ಕಡೆ ಕಣ್ಣೆತ್ತಿದ. ಮಗುವಿನ ಗಿಲಕಿಯಂಥ ಸುತ್ತಿಗೆ. ಅದರಲ್ಲಿ ಎಷ್ಟು ಎಳೆದರೆ ತಾನೇ ಒಬ್ಬ ಕಿವುಡನ ಹಲ್ಲಿಗೆ ಮುಟ್ಟೀತು? ಭಾರದ್ದನ್ನು ಕಿತ್ತುಕೊಂಡು ಹಗುರದ್ದನ್ನು ಕೊಟ್ಟ ಮೇಲೆ ಎಳೆತ ಇನ್ನೂ ಉದ್ದವಾಗಿತ್ತು. ಅದನ್ನು ಕಂಡು ‘ತೋಳು ಪೂರ್ತಿ ಹೋಯ್ತು’ ಎಂದಿದ್ದ. ಸರಳಿನ ಈ ತುದಿಯಲ್ಲಿ ನಿಂತು ಅವನು ಭಾವನ ತೋಳಿನ ಲೆಕ್ಕ ಹಾಕುತ್ತಿದ್ದ. ಆ ತುದಿಯಲ್ಲಿ ಕೂತವನು ಇವನ ಮುಖ ನೋಡುತ್ತಿದ್ದ.

ಕಿಟಕಿಯ ಬೆಳಕು ತೊಟ್ಟಿಯಿಂದ ಜಾರಿ ನೆಲಕ್ಕೆ ಇಳಿಯಿತು. ಅಕ್ಕ ಸೂಜಿ ಎತ್ತಿಕೊಳ್ಳಲಿಲ್ಲ. ಪಾತಾಳಕಿವಿ ಸರಳನ್ನು ಗಾರೆಯಿಂದ ತೆಗೆದು ಬರಿಯ ಕಬ್ಬಿಣಕ್ಕೆ, ಪೊರೆ ಸುಲಿದ ಆ ಮೊಣಕೈ ಎತ್ತರದ ಪೈಪಿಗೆ ಆನಿಸಿದ. ಬಟ್ಟಲಿನ ಅಂಚನ್ನು ಹಲ್ಲಲ್ಲಿ ಕಚ್ಚಿದ. ಒಂದು ಅಂಗೈಯನ್ನು ಪೈಪಿನ ಮೇಲೆ ಇಟ್ಟ. ಬಾಯಲ್ಲಿ ಬಟ್ಟಲಿದ್ದುದರಿಂದ ಮಾತಾಡುವ ಹಾಗೆಯೇ ಇರಲಿಲ್ಲ. ಜೀವಮಾನದಲ್ಲಿ ಮೊದಲ ಸಲ ಇಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿದ್ದ.

ತಲೆ ಮಾತ್ರ ಸುಮ್ಮನಿರಲೊಲ್ಲದು. ಬಿಸಿಲು ಇಳಿದಿದೆ, ಕಬ್ಬಿಣ ತಣಿಯುತ್ತಿರಬೇಕು ಎಂದಿತು. ಇರಲಿ ಎಂದ. ಗಾಳಿ ಗುಳ್ಳೆ ಎಂದಿತು. ಇರಲಿ. ಬಂದ ಕಾರಣಗಳನ್ನೆಲ್ಲ ಬಾಗಿಲಲ್ಲೇ ಕೂರಿಸಿದ. ಅಂಗೈಗೆ ಬಣ್ಣದ ಚಕ್ಕೆ ಒರಟಾಗಿ ತಾಕುತ್ತಿತ್ತು. ಕೆಳಗೆಲ್ಲೋ ಬಾಗಿಲು ಹಾಕಿದ್ದು ಪಾದಕ್ಕೆ ತಿಳಿಯಿತು. ತನ್ನ ನಾಡಿ ಪೈಪಿನಲ್ಲಿ ಬಡಿಯುತ್ತಿದೆ ಅನಿಸಿತು. ಸ್ವಲ್ಪ ಹೊತ್ತಿಗೆ ಅದು ತನ್ನದೇ, ಪೈಪಿನದಲ್ಲ ಎಂದೂ ತಿಳಿಯಿತು.

ಆಗ ಬಂತು.

ಹಲ್ಲಿನ ಬುಡದಲ್ಲಿ ಒಂದು. ಮತ್ತೊಂದು. ಅಂಗೈಯ ಕೆಳಗೆ ಕಬ್ಬಿಣ ಉಸಿರು ಹಿಡಿದಂತೆ ನಿಂತಿತು. ಅಕ್ಕನ ಕಣ್ಣು ಅವನ ಮುಖದ ಮೇಲಿತ್ತು. ಆಮೇಲೆ ಕೆಳಗಿನಿಂದ, ಬಹಳ ಕೆಳಗಿನಿಂದ, ಹಗುರವಾದದ್ದೊಂದು ಪೈಪಿನ ಉದ್ದಕ್ಕೂ ಗರಗರನೆ ಎಳೆದುಕೊಂಡು ಬಂದು ದವಡೆಯ ಮೂಳೆಯನ್ನು ಹತ್ತಿ, ತಲೆಬುರುಡೆಯೊಳಗೆಲ್ಲ ಸುತ್ತಿ, ನಿಧಾನವಾಗಿ ಆರಿತು. ಸತ್ತುಬಿದ್ದಿದ್ದ ಊರಿನಲ್ಲಿ ಒಂದು ಮನೆಯ ದೀಪ ಹತ್ತಿ ಆರಿದ ಹಾಗೆ.

ಮೊಳೆಯಲ್ಲಿದ್ದ ಸುತ್ತಿಗೆ ಅಲ್ಲಾಡಲಿಲ್ಲ. ಅಲ್ಲಾಡಿತು ಎಂದು ಹೇಳಲು ಈ ಕಥೆಗೆ ಬಹಳ ಆಸೆಯಿದೆ. ಆದರೆ ಅವನು ನೋಡುತ್ತಲೇ ಇದ್ದ. ಅಲ್ಲಾಡಲಿಲ್ಲ.

ಅವನು ಬಟ್ಟಲನ್ನು ಬಾಯಿಂದ ತೆಗೆದ. “ಟಣ್,” ಎಂದ. “ಟಣ್.” ನಿಲ್ಲಿಸಿದ. ಆಮೇಲೆ ಗಂಟಲಿನ ಆಳದಿಂದ, ಮಗು ಗಾಡಿ ಓಡಿಸುವ ಹಾಗೆ, “ಗರ್‌ರ್‌ರ್...”

ಅಕ್ಕ ಸೆರಗಿನ ತುದಿ ಬಾಯಿಗೆ ಒತ್ತಿಕೊಂಡಳು. ತಲೆ ಆಡಿಸಿದಳು. ಆಮೇಲೆ ಸೆರಗು ತೆಗೆದು, ಅವನಿಗೆ ಕಾಣುವಂತೆ ಕೇಳಿದಳು, “ಅವರೇನಾ?”

ಹೌದು ಎಂದರೆ ಮುಗಿದಿತ್ತು. ಹೌದು ಎನ್ನುವುದಕ್ಕೆ ಅವನ ನಾಲಿಗೆ ಎಷ್ಟು ಪಳಗಿತ್ತೆಂದರೆ ಅರ್ಧ ದಾರಿ ಬಂದೂ ಆಗಿತ್ತು.

“ಗೊತ್ತಿಲ್ಲ ಅಕ್ಕ. ಎರಡು ಪೆಟ್ಟು, ಒಂದು ಎಳೆತ. ಎಳೆತ ಉದ್ದ. ಭಾವ ಈ ಸುತ್ತಿಗೇಲಿ ಎಳೀತಿದ್ದಷ್ಟೇ ಉದ್ದ. ನನಗೆ ಸಿಕ್ಕಿದ್ದು ಇಷ್ಟೇ.”

“ಇಷ್ಟು ಸಾಕು,” ಎಂದಳು ಅಕ್ಕ.

ಮರುದಿನ ಬೆಳಿಗ್ಗೆ ಪ್ಲಂಬರ್ ಉಳಿ, ಕತ್ತರಿ, ಕೊಡಲಿಯಷ್ಟು ದೊಡ್ಡ ಸ್ಪ್ಯಾನರ್ ಹೊತ್ತು ಬಂದ. ದುಂಡುಮುಖದ, ಮಾತಿಗೊಮ್ಮೆ ನಗುವ ಮನುಷ್ಯ. ಹೊಸದಾಗಿ ಕೆಲಸಕ್ಕೆ ಬಂದಾಗ ಪಾತಾಳಕಿವಿಯ ಇರುವೆಯ ಕಥೆ ಕೇಳಿ ಮೂರು ದಿನ ನಕ್ಕಿದ್ದವನು.

“ಅಣ್ಣಾ, ನಮಸ್ಕಾರ! ಹೇಳಿ, ಕೀಳ್ಲಾ, ಬಿಡ್ಲಾ? ಒಳಗೇನಿದೆ ಅಂತ ನಿಮ್ಮ ಕಿವೀನೇ ಹೇಳ್ಬೇಕು.”

“ಟಣ್, ಟಣ್, ಗರ್‌ರ್‌ರ್,” ಎಂದ ಪಾತಾಳಕಿವಿ.

ಪ್ಲಂಬರ್ ಕಾಯ್ದ. “ಹಾಂ. ಅದು ಯಾಕೆ ಬರತ್ತೆ?”

“ಗೊತ್ತಿಲ್ಲ.”

“ನಿಮಗೆ ಗೊತ್ತಿಲ್ವಾ!”

“ಗೊತ್ತಿಲ್ಲ. ಯಾಕೆ ಅಂತ ಗೊತ್ತಿಲ್ದೇ ಇರೋದನ್ನ ಕೀಳ್ಬೇಡ. ಎರಡೂ ಕಡೆ ನೀರು ಕತ್ತರಿಸು, ಬಾಯಿ ಮುಚ್ಚು, ಒಳಗೆ ಬಿಟ್ಬಿಡು. ಹೊಸದನ್ನ ಹೊರಗಿಂದ ಎಳಿ.”

“ಎಳೀತೀನಿ ಬಿಡಿ. ಆದ್ರೂ ಅಣ್ಣಾ, ಸರಿಯಾಗಿ ಕೇಳಿದ್ರಾ?”

“ಇಲ್ಲ. ಕೈಯಲ್ಲೂ ಹಲ್ಲಲ್ಲೂ ನೋಡಿದೆ. ನನಗೆ ಕಿವಿ ಕೇಳಲ್ಲ ಕಣಪ್ಪ.”

ಪ್ಲಂಬರ್ ಹೊಟ್ಟೆ ಹಿಡಿದುಕೊಂಡು ನಕ್ಕ. ಗೋಡೆಗೆ ಒರಗಿ ನಕ್ಕ. “ಅಯ್ಯಪ್ಪಾ! ಇದು ಇರುವೆಗಿಂತ ದೊಡ್ಡದಾಯ್ತಲ್ಲ ಅಣ್ಣಾ! ಪಾತಾಳಕಿವಿಗೆ ಕಿವಿ ಕೇಳಲ್ವಂತೆ! ಇದನ್ನ ಇವತ್ತೇ ಎಲ್ರಿಗೂ ಹೇಳ್ತೀನಿ, ಯಾರೂ ನಂಬಲ್ಲ.”

“ನಂಬ್ತಾರೆ. ಹೇಳು.”

ನಗುತ್ತಲೇ ಪ್ಲಂಬರ್ ಕೆಲಸಕ್ಕೆ ತಿರುಗಿದ. ಪಾತಾಳಕಿವಿ ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದ. ಅವನ ಬೆನ್ನ ಹಿಂದೆ, ಪ್ಲಂಬರಿನ ಎಣ್ಣೆಗೈಯಿಂದ ಆ ದೊಡ್ಡ ಸ್ಪ್ಯಾನರ್ ಜಾರಿ, ತೊಟ್ಟಿಯ ಅಂಚಿಗೆ ಬಡಿದು, ಒಂದು ಸ್ಟೀಲ್ ತಟ್ಟೆಯನ್ನೂ ಎರಡು ಲೋಟಗಳನ್ನೂ ಹಾರಿಸಿಕೊಂಡು ಕೆಳಗೆ ಅಪ್ಪಳಿಸಿತು. ಪಕ್ಕದ ಮನೆಯವರು ‘ಏನಾಯ್ತು?’ ಎಂದು ಕೂಗಿದರು. ಅಕ್ಕನ ಸೂಜಿ ಬೆರಳಿಗೆ ಚುಚ್ಚಿತು. ತಟ್ಟೆ ನೆಲದ ಮೇಲೆ ಗಿರಗಿರನೆ ಸುತ್ತಿ, ಸುತ್ತಿ, ಕೊನೆಗೆ ಮಲಗಿತು.

ಪಾತಾಳಕಿವಿ ಬೀದಿ ನೋಡುತ್ತಲೇ ಇದ್ದ. ಪಾದಕ್ಕೆ ಏನೋ ತಾಕಿದಂತಾಗಿ ತುಸು ತಡವಾಗಿ ತಿರುಗಿದ.

ಪ್ಲಂಬರಿನ ಮುಖದಲ್ಲಿ ನಗು ಇರಲಿಲ್ಲ. ಅವನು ಹತ್ತಿರ ಬಂದ, ಪಾತಾಳಕಿವಿಗೆ ತನ್ನ ತುಟಿ ಕಾಣುವಷ್ಟು ಹತ್ತಿರ. ಹಾಗೆ ನಿಲ್ಲಬೇಕೆಂದು ಯಾರೂ ಅವನಿಗೆ ಹೇಳಿಕೊಟ್ಟಿರಲಿಲ್ಲ.

“ಹಾಗಾದ್ರೆ ಆ ಇರುವೆ, ಅಣ್ಣಾ?”

ಪಾತಾಳಕಿವಿ ಸರಳನ್ನು ಗೋಡೆಗೆ ಒರಗಿಸಿಟ್ಟ.

“ಇರುವೆ ಆಕಳಿಸಿದ್ದನ್ನ ನಾನು ಯಾವತ್ತೂ ಕೇಳಿಲ್ಲಪ್ಪ,” ಎಂದ. “ಅದು ಬಾಯಿ ತೆರೆದದ್ದನ್ನ ನೋಡಿಯೂ ಇಲ್ಲ.”